ನಗೆಬೋರ್ಡಿನ ಕೆಳಗಿನ ಸೀಟು

ಒಂದು ಊರಿನಲ್ಲಿ ಪಾರಿಜಾತ ಎಂಬ ಹೆಸರಿನ ಸಿಟಿ ಬಸ್ಸಿತ್ತು. ನೀತಿಕಥೆ ಎಂದರೆ ರಾಜನಿಂದ ಶುರುವಾಗಬೇಕು ಎನ್ನುವವರು ಕ್ಷಮಿಸಬೇಕು. ಆ ಬಸ್ಸಿಗೆ ರಾಜನೇ ಹತ್ತಿದ್ದರೂ ಕಂಬಿ ಹಿಡಿದು ನಿಲ್ಲಬೇಕಾಗಿತ್ತು.

ಬಸ್ಸು ಸ್ಟ್ಯಾಂಡಿನಿಂದ ಹೊರಟು, ಪೇಟೆ ಬೀದಿ ಹಾದು, ಊರಾಚೆಯ ಹೊಸ ಬಡಾವಣೆಯಲ್ಲಿ ನೀರಿನ ಟ್ಯಾಂಕಿನ ಹತ್ತಿರ ನಿಲ್ಲುತ್ತಿತ್ತು. ಸಂಜೆ ಹೊತ್ತಿನಲ್ಲಿ ಎಳ್ಳು ಹಾಕಿದರೂ ಕೆಳಗೆ ಬೀಳದಷ್ಟು ಜನ. ಹತ್ತುವವರೆಲ್ಲ ಸುಸ್ತಾದವರೇ. ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತವರು, ಆಫೀಸಿನಲ್ಲಿ ಬೈಸಿಕೊಂಡವರು, ಆಸ್ಪತ್ರೆಯಲ್ಲಿ ಚೀಟಿ ಹಿಡಿದು ಕಾದವರು. ಬೆಳಿಗ್ಗೆ ಮನೆಯಿಂದ ಹೊರಟಾಗ ಇವರೆಲ್ಲ ಒಳ್ಳೆಯವರೇ. ಸಂಜೆ ಹಿಂತಿರುಗುವ ಹೊತ್ತಿಗೆ ಒಳ್ಳೆಯತನವೆಲ್ಲ ಖರ್ಚಾಗಿ, ಕೂರಲು ಒಂದು ಸೀಟು ಸಿಕ್ಕರೆ ಸಾಕಪ್ಪಾ ಎನ್ನುವ ಆಸೆಯೊಂದೇ ಉಳಿದಿರುತ್ತಿತ್ತು. ಅವರನ್ನು ನಾನು ಬೈಯಲಾರೆ. ನಾನೂ ಅಂಥದೇ ಬಸ್ಸಿನಲ್ಲಿ ಓಡಾಡುವವನು.

ಆ ಊರಿನಲ್ಲಿ ಒಂದು ಪದ್ಧತಿಯಿತ್ತು. ನಿಮ್ಮ ಊರಿನಲ್ಲೂ ಇದ್ದೀತು. ಬಸ್ಸು ಸ್ಟ್ಯಾಂಡಿಗೆ ಬಂದು ಪೂರ್ತಿ ನಿಲ್ಲುವ ಮೊದಲೇ ಜನ ಕಿಟಕಿಯಿಂದ ಟವೆಲ್ಲೋ ಕರ್ಚೀಫೋ ಒಳಗೆ ಹಾಕುತ್ತಿದ್ದರು. ಟವೆಲ್ ಬಿದ್ದ ಸೀಟು ಟವೆಲ್ಲಿನವರದು. ಅದನ್ನು ಎತ್ತಿಟ್ಟು ಯಾರಾದರೂ ಕೂತರೆ ಬಸ್ಸಿಗೆ ಬಸ್ಸೇ ತಿರುಗಿ ಬೀಳುತ್ತಿತ್ತು. ಮುದುಕರನ್ನು ಮೊಣಕೈಯಲ್ಲಿ ತಳ್ಳಿಕೊಂಡು ಹತ್ತುವ ಗಂಡಾಳುಗಳೂ ಒಂದು ಹಳೇ ಟವೆಲ್ಲಿನ ಮುಂದೆ ಬಾಯಿ ಮುಚ್ಚಿಕೊಂಡು ಆಚೆ ಸರಿಯುತ್ತಿದ್ದರು. ಇದೊಂದು ವಿಷಯವನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಕಂಡಕ್ಟರ್ ಶಿವನಂಜ ವರ್ಷಗಟ್ಟಲೆ ಕೂಗಿ ಕೂಗಿ ಗಂಟಲು ಕಳೆದುಕೊಂಡಿದ್ದ. "ಒಳಕ್ ಹೋಗ್ರಪ್ಪಾ. ಆ ವಯಸ್ಸಾದೋರ್ಗೆ ಒಸಿ ಜಾಗ ಬುಡ್ರಪ್ಪಾ" ಎನ್ನುವುದೇ ಅವನ ದಿನದ ಪಾರಾಯಣ. ಕೂಗಿದಾಗ ಒಂದಷ್ಟು ಜಗಳವಾಗುತ್ತಿತ್ತು. "ನೀನ್ಯಾರಯ್ಯ ನನ್ನ ಎಬ್ಸೋಕೆ?" ಎನ್ನುವವರು ಇರುತ್ತಿದ್ದರು. ಆದರೂ ಬೈದುಕೊಂಡೋ ಗೊಣಗಿಕೊಂಡೋ ಯಾರಾದರೊಬ್ಬರು ಎದ್ದು ಜಾಗ ಬಿಡುತ್ತಿದ್ದರು. ಒಂದು ದಿನ ಅವನ ಗಂಟಲಿನಿಂದ ಗಾಳಿ ಬಿಟ್ಟು ಬೇರೇನೂ ಹೊರಡದೇ ಹೋಯಿತು. ಡಾಕ್ಟರು ಮಾತು ಕಡಿಮೆ ಮಾಡು ಎಂದರು. ಅವನು ಹೋಗಿ ಬಸ್ಸಿನ ಮಾಲೀಕ ಪಶುಪತಿಯ ಮುಂದೆ ನಿಂತ.

"ಇನ್ ನನ್ ಕೈಲಾಗಕಿಲ್ಲ ಸ್ವಾಮಿ," ಅಂದ, ಪಿಸುಮಾತಿನಲ್ಲಿ. "ಕೂಗೋ ಬದ್ಲು ಏನಾದ್ರೂ ಬೋರ್ಡ್ ಬರ್ಸಿ ಹಾಕ್ಸಿ."

ಪಶುಪತಿಗೂ ಸಾಕಾಗಿತ್ತು. ಸೀಟಿನ ಜಗಳಕ್ಕೆ ಬಸ್ಸು ಸ್ಟಾಪು ಸ್ಟಾಪಿನಲ್ಲೂ ನಿಂತು ತಡವಾಗುತ್ತಿತ್ತು. "ಬೈದಿದ್ದೂ ಆಯ್ತು, ಕೈ ಮುಗಿದಿದ್ದೂ ಆಯ್ತು," ಅಂದ. "ನಗಿಸಿಯಾದ್ರೂ ನೋಡೋಣ." ಹಾಗೆಂದು ಪೇಂಟರ್ ದೊರೆಸ್ವಾಮಿಗೆ ಹೇಳಿ ಕಳಿಸಿದ.

ದೊರೆಸ್ವಾಮಿ ಉದ್ದನೆಯ ಆಳು, ತಲೆ ನರೆತವನು. ಒಂದು ಕಾಲದಲ್ಲಿ ಊರಿನ ಲಾರಿಗಳ ಬೆನ್ನಿಗೆಲ್ಲ ಅವನದೇ ಬರಹ. ಆಟೋ ಹಿಂದೆ ಒಂದು ಸಾಲು ಬರೆದರೆ ಸಿಗ್ನಲ್ಲಿನಲ್ಲಿ ನಿಂತವರು ಹಸಿರು ದೀಪ ಬಂದರೂ ಓದುತ್ತಾ ನಿಲ್ಲುತ್ತಿದ್ದರು. ಮೂಲೆಯಲ್ಲಿ ಚಿಕ್ಕದಾಗಿ 'ದೊರೆ ಆರ್ಟ್ಸ್' ಎಂದು ಹಾಕುತ್ತಿದ್ದ. ಆಮೇಲೆ ಫ್ಲೆಕ್ಸ್ ಬಂತು. ಒಂದು ರಾತ್ರಿಯಲ್ಲಿ ಆಳೆತ್ತರದ ಬೋರ್ಡು ತಯಾರಾಗುವಾಗ ಕುಂಚ ಹಿಡಿದು ಅಕ್ಷರ ತಿದ್ದುವವನನ್ನು ಯಾರು ಕೇಳುತ್ತಾರೆ? ಅವನು ಮನೆಗಳ ಗೋಡೆಗೆ ಸುಣ್ಣಬಣ್ಣ ಬಳಿಯುತ್ತಾ, ಏಣಿ ಹತ್ತಿ ಇಳಿದು ಕಾಲು ಊದಿಸಿಕೊಂಡು ದಿನ ನೂಕುತ್ತಿದ್ದ. ಹೀಗಾಗಿ ಪಶುಪತಿಯ ಕರೆ ಬಂದಾಗ ಅವನಿಗೆ ಹೋದ ಜೀವ ಬಂದಂತಾಯಿತು.

"ಈ ಬಸ್ಸಲ್ಲಿ ಕೆಲಸ ಮಾಡ್ಲಿ ನೋಡೋಣ," ಅಂದ ಪಶುಪತಿ. "ಜನ ತಿದ್ದಿಕೊಂಡ್ರೆ ನನ್ನ ಮಿಕ್ಕ ಬಸ್ಸುಗಳಿಗೂ ನೀವೇ ಬರೀರಿ."

ದೊರೆಸ್ವಾಮಿ ಮನಸ್ಸಿಟ್ಟು ಬರೆದ. ಕಿಟಕಿಯ ಹತ್ತಿರ: 'ಹೊರಗೆ ಉಗುಳಬೇಡಿ. ಹಿಂದಿನ ಕಿಟಕಿಯಲ್ಲಿ ನಿಮ್ಮ ಬೀಗರು ಕೂತಿರಬಹುದು.' ಹಿಂಬದಿಯಲ್ಲಿ: 'ಫೋನಿನಲ್ಲಿ ನೀವು ಹೇಳಿದ ಅತ್ತೆ ಸೊಸೆ ಜಗಳ ಬಸ್ಸಿನವರೆಲ್ಲ ಕೇಳಿದ್ದೇವೆ. ತಪ್ಪು ನಿಮ್ಮದೇ. ಮೆಲ್ಲಗೆ ಮಾತಾಡಿ.' ಬಾಗಿಲಲ್ಲಿ: 'ನೇತಾಡಬೇಡಿ. ಬಾವಲಿ ಕೂಡ ಸಂಜೆಯಾದರೆ ನೇತಾಡುವುದನ್ನು ಬಿಡುತ್ತದೆ.' ಹೆಂಗಸರ ಸೀಟು ಮುಗಿದು ಗಂಡಸರ ಸೀಟು ಶುರುವಾಗುವ ಕಡೆ, ಕಿಟಕಿಯ ಮೇಲೆ, ಅವನ ಅತ್ಯುತ್ತಮ ಬೋರ್ಡು. ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಅರ್ಧ ತೆರೆದು ನಿದ್ದೆ ಮಾಡುವ ಮನುಷ್ಯನ ಚಿತ್ರ. ಅದರ ಕೆಳಗೆ ಹೀಗೆ ಬರೆದಿದ್ದ: 'ವಯಸ್ಸಾದವರು, ಬಸುರಿಯರು ಹತ್ತಿದ ಕೂಡಲೇ ಕೆಲವರಿಗೆ ಗಾಢ ನಿದ್ದೆ ಬರುತ್ತದೆ. ಇದೊಂದು ಕಾಯಿಲೆ. ಎದ್ದು ನಿಂತರೆ ಆ ಕ್ಷಣವೇ ವಾಸಿ.'

ಮೊದಲ ದಿನ ಬಸ್ಸೆಲ್ಲ ನಗು. ಎಷ್ಟೋ ದಿನದಿಂದ ಮುಖ ಗಂಟು ಹಾಕಿಕೊಂಡಿದ್ದವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. "ನಿಮ್ಗೇ ಬರ್ದಿರೋದು ಕಣ್ರೀ" ಎಂದು ಪಕ್ಕದವರ ಪಕ್ಕೆ ತಿವಿದರು. ಪಕ್ಕದವರು ತಮ್ಮ ಪಕ್ಕದವರನ್ನು ತಿವಿದರು. ಸರ್ವೆ ಆಫೀಸಿನ ಗುಮಾಸ್ತ ಪದ್ಮರಾಜು ಎಲ್ಲರಿಗಿಂತ ಜೋರಾಗಿ ನಕ್ಕ. ನಿದ್ದೆಯ ಬೋರ್ಡಿನ ಫೋಟೋ ತೆಗೆದು ಮೊಬೈಲಿನಲ್ಲಿ ಗೆಳೆಯರ ಗ್ರೂಪಿಗೆ ಹಾಕಿದ. ಅಷ್ಟರಲ್ಲಿ ಕೋಲೂರಿಕೊಂಡು ಒಬ್ಬ ಮುದುಕರು ಹತ್ತಿದರು. ಪದ್ಮರಾಜು ಮೊಬೈಲು ಜೇಬಿಗಿಟ್ಟು ಕಣ್ಣು ಮುಚ್ಚಿದ.

ಪದ್ಮರಾಜು ಕೆಟ್ಟವನಲ್ಲ. ಕೆಟ್ಟವನಾಗಿರುವುದಕ್ಕೂ ಸ್ವಲ್ಪ ಶಕ್ತಿ ಬೇಕು, ಸಂಜೆಯಾಗುವಾಗ ಅವನಲ್ಲಿ ಅದೂ ಉಳಿದಿರುತ್ತಿರಲಿಲ್ಲ. ಆ ಬೋರ್ಡು ತನ್ನಂಥವನ ಬಗ್ಗೆ ಅಲ್ಲ, ನಿಜವಾಗಿ ಸೋಗು ಹಾಕುವವರ ಬಗ್ಗೆ ಎಂದು ಅವನು ಪ್ರಾಮಾಣಿಕವಾಗಿ ನಂಬಿದ್ದ. ಬಸ್ಸಿನಲ್ಲಿ ಕೂತಿದ್ದವರೆಲ್ಲ ಹಾಗೇ ನಂಬಿದ್ದರು.

ಬೋರ್ಡಿನ ಫೋಟೋ ಊರೆಲ್ಲ ಓಡಾಡಿತು. ಬೇರೆ ಬಸ್ಸಿಗೆ ಹೋಗಬೇಕಾದವರೂ ಪಾರಿಜಾತಕ್ಕೆ ಕಾದು ಹತ್ತತೊಡಗಿದರು. ಮೊದಲೇ ಕಾಲಿಡಲು ಜಾಗವಿಲ್ಲದ ಬಸ್ಸು ಇನ್ನಷ್ಟು ತುಂಬಿತು. ಪಶುಪತಿಗೆ ಖುಷಿ. ಜಗಳವಂತೂ ನಿಜವಾಗಿ ಕಡಿಮೆಯಾಯಿತು. ಶಿವನಂಜ ಈಗ ಕೂಗುತ್ತಿರಲಿಲ್ಲ, ಯಾರಾದರೂ ಕೈಲಾಗದವರು ಹತ್ತಿದರೆ ಸುಮ್ಮನೆ ಬೋರ್ಡಿನ ಕಡೆ ಬೆರಳು ತೋರಿಸುತ್ತಿದ್ದ. ಜನ ಬೋರ್ಡು ನೋಡುತ್ತಿದ್ದರು. ನಗುತ್ತಿದ್ದರು. ನಕ್ಕ ಮೇಲೆ ತಮ್ಮ ಪಾಲಿನ ಕೆಲಸ ಮುಗಿಯಿತು ಎನ್ನುವಂತೆ ಕಿಟಕಿಯ ಆಚೆ ನೋಡುತ್ತಿದ್ದರು. ಹಿಂದೆ ಶಿವನಂಜ ಕಿರುಚಿದಾಗ ನಾಚಿಕೆಗೋ ಸಿಟ್ಟಿಗೋ ಎದ್ದು ನಿಲ್ಲುತ್ತಿದ್ದರಲ್ಲ, ಆ ಒಬ್ಬಿಬ್ಬರೂ ಈಗ ಏಳುವುದನ್ನು ಬಿಟ್ಟರು. ಹೇಳಿದ್ದು ನಗೆಮಾತು ತಾನೇ, ನಕ್ಕಿದ್ದೇವಲ್ಲ ಎಂದು ಅವರ ಲೆಕ್ಕ.

ದೊರೆಸ್ವಾಮಿ ಪಶುಪತಿಯ ಶೆಡ್ಡಿನಲ್ಲಿ ಬಣ್ಣದ ಕೆಲಸ ಮುಗಿಸಿ ದಿನಾ ಸಂಜೆ ಅದೇ ಬಸ್ಸಿಗೆ ಮನೆಗೆ ಹೋಗುತ್ತಿದ್ದ. ಸ್ಟ್ಯಾಂಡಿನಲ್ಲೇ ಹತ್ತುವವನಾದ್ದರಿಂದ ಅವನಿಗೆ ಸೀಟು ಖಾಯಂ. ಬೇಕೆಂದೇ ಆ ನಿದ್ದೆಯ ಬೋರ್ಡಿನ ಕೆಳಗೆ ಕೂರುತ್ತಿದ್ದ. ಊದಿದ ಕಾಲನ್ನು ಚಾಚಿಕೊಂಡು, ಓದುವವರ ಮುಖಗಳನ್ನು ನೋಡುತ್ತಿದ್ದ. ಮೊದಲು ಚಿತ್ರ, ಆಮೇಲೆ ಮೊದಲ ಸಾಲು, ಆಮೇಲೆ ತುಟಿಯ ಕೊನೆ ಅಲುಗುವುದು. ಎಷ್ಟೋ ವರ್ಷದ ಮೇಲೆ ಅವನ ಅಕ್ಷರವನ್ನು ಜನ ಓದುತ್ತಿದ್ದರು. ಆ ಸುಖವನ್ನು ಅವನಿಗೆ ಯಾರೂ ಬೇಡವೆನ್ನಬಾರದು.

ಪೇಟೆ ಬೀದಿಯ ಸ್ಟಾಪಿನಲ್ಲಿ ನಾಗವೇಣಿ ಎಂಬ ಹೆಣ್ಣುಮಗಳು ಹತ್ತುತ್ತಿದ್ದಳು. ಸೀರೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವ ಕೆಲಸ. ಗಿರಾಕಿ ಇರಲಿ ಬಿಡಲಿ, ಅಲ್ಲಿ ಕೆಲಸದವರು ಕೂರುವಂತಿಲ್ಲ. ಬೆಳಿಗ್ಗೆ ಬಾಗಿಲು ತೆಗೆದಾಗಿನಿಂದ ದೀಪ ಹಚ್ಚುವವರೆಗೂ ನಿಂತೇ ಇರಬೇಕು. ಅವಳಿಗೆ ಆಗ ಏಳು ತಿಂಗಳು. ಗಂಡ ಗಾರೆ ಕೆಲಸದವನು, ಗೋಡೆಗೆ ಕಟ್ಟಿದ ಸಾರುವೆಯಿಂದ ಬಿದ್ದು ಕೈ ಮುರಿದುಕೊಂಡು ಮನೆಯಲ್ಲಿದ್ದ. ಹೆರಿಗೆ ಹತ್ತಿರವಾಗುವವರೆಗೂ ಅವಳು ಕೆಲಸಕ್ಕೆ ಹೋಗಲೇಬೇಕಿತ್ತು. "ಆಗದಿದ್ರೆ ಬಿಟ್ಬಿಡಮ್ಮ, ಕೆಲಸಕ್ಕೆ ಬೇರೆಯವರು ಕಾಯ್ತಾ ಇದ್ದಾರೆ" ಎಂದು ಅಂಗಡಿ ಯಜಮಾನರು ಮೆತ್ತಗೆ ಹೇಳಿಯಾಗಿತ್ತು. ಹಗಲೆಲ್ಲ ನಿಲ್ಲುವುದು ಹೇಗೋ ನಡೆಯುತ್ತಿತ್ತು. ಅದರ ಮೇಲೆ ಬಸ್ಸಿನಲ್ಲಿ ನಿಲ್ಲುವ ಅರ್ಧ ಗಂಟೆ ಅವಳ ಜೀವ ಹಿಂಡುತ್ತಿತ್ತು.

ಹಿಂದೊಮ್ಮೆ ಬಾಯಿಬಿಟ್ಟು ಸೀಟು ಕೇಳಿದ್ದಳು. "ನಾವೂ ದುಡಿದೇ ಬಂದಿರೋದಮ್ಮ" ಎಂದು ಒಬ್ಬಾಕೆ ಹೇಳಿದ್ದಳು. ಅದು ಸುಳ್ಳೂ ಆಗಿರಲಿಲ್ಲ. ಆಮೇಲೆ ನಾಗವೇಣಿ ಯಾರನ್ನೂ ಕೇಳಲಿಲ್ಲ. ಜನ ತಳ್ಳಿಕೊಂಡು ಬಂದು ನಿಲ್ಲಿಸಿದ ಕಡೆ ನಿಲ್ಲುತ್ತಿದ್ದಳು. ಹೆಚ್ಚಿನ ದಿನ ಅದು ದೊರೆಸ್ವಾಮಿಯ ಸೀಟಿನ ಪಕ್ಕವೇ.

ಮೊದಲ ಸಲ ಬೋರ್ಡು ಓದಿದಾಗ ಅವಳು ಗಟ್ಟಿಯಾಗಿ ನಕ್ಕುಬಿಟ್ಟಳು. ಶಿವನಂಜ ಟಿಕೆಟ್ ಕೊಡುತ್ತಾ, "ಇವ್ರೇ ಕಣಮ್ಮ ಬರ್ದೋರು" ಎಂದು ದೊರೆಸ್ವಾಮಿಯನ್ನು ತೋರಿಸಿದ.

"ಚೆನ್ನಾಗ್ ಬರ್ದಿದ್ದೀರಿ ಅಪ್ಪಾಜಿ," ಅಂದಳು ಅವಳು. "ಇಡೀ ದಿನದಲ್ಲಿ ಈಗ್ಲೇ ನಾನು ನಕ್ಕಿದ್ದು."

ದೊರೆಸ್ವಾಮಿ ಉಬ್ಬಿಹೋದ. ಅವಳ ಹೊಟ್ಟೆಯೂ ಅವನ ಕಣ್ಣಿಗೆ ಬಿತ್ತು. ಆಗ ಅವನಿಗೆ ಬಂದ ಯೋಚನೆ ನೋಡಿ: ಈಗ ಗೊತ್ತಾಗುತ್ತದೆ ನನ್ನ ಬೋರ್ಡಿನ ಶಕ್ತಿ. ಆಚೆ ಬದಿಯಲ್ಲಿ ಕೂತಿದ್ದ ಪದ್ಮರಾಜುವನ್ನು ನೋಡಿದ, ಕಣ್ಣು ಮುಚ್ಚಿತ್ತು. ಅವನ ಹಿಂದಿನವರನ್ನು ನೋಡಿದ, ಬೋರ್ಡು ಓದಿ ನಗುತ್ತಿದ್ದರು. ಯಾರೂ ಏಳಲಿಲ್ಲ. ತಾನೇ ಏಳಬಹುದಿತ್ತು. ಆದರೆ ತಾನೇ ಎದ್ದುಬಿಟ್ಟರೆ ಬೋರ್ಡು ಕೆಲಸ ಮಾಡಿತೋ ಇಲ್ಲವೋ ತಿಳಿಯುವುದು ಹೇಗೆ? ಕಾದು ನೋಡೋಣ ಎಂದುಕೊಂಡ. ಕಾಲು ಬೇರೆ ನೋಯುತ್ತಿತ್ತು.

ಮಾರನೆಯ ದಿನ ಬಸ್ಸು ಶೆಡ್ಡಿನಲ್ಲಿದ್ದಾಗ ಅಕ್ಷರಗಳನ್ನು ಸ್ವಲ್ಪ ದಪ್ಪ ಮಾಡಿದ. ಸಂಜೆ ಎಲ್ಲರೂ ನಕ್ಕರು, ಯಾರೂ ಏಳಲಿಲ್ಲ. ಅದರ ಮಾರನೆಯ ದಿನ 'ಬಸುರಿಯರು' ಎಂಬ ಪದಕ್ಕೆ ಕೆಂಪು ಬಣ್ಣ ಕೊಟ್ಟ. ಇನ್ನೊಂದು ದಿನ ಚಿತ್ರದ ಮನುಷ್ಯನ ಅರ್ಧ ತೆರೆದ ಕಣ್ಣನ್ನು ದೊಡ್ಡದು ಮಾಡಿ, ಅದು ನೇರ ಪದ್ಮರಾಜುವಿನ ಸೀಟಿನ ಕಡೆಗೇ ನೋಡುವಂತೆ ತಿದ್ದಿದ. ಪದ್ಮರಾಜು ಅದನ್ನೂ ಮೆಚ್ಚಿ ಇನ್ನೊಂದು ಫೋಟೋ ತೆಗೆದ. ನಾಗವೇಣಿ ಪ್ರತಿ ಸಂಜೆ ಕಂಬಿಗೆ ಜೋತುಬಿದ್ದು, ಹೊಸದಾಗಿ ಏನು ಬದಲಾಗಿದೆ ಎಂದು ಹುಡುಕಿ, ನಗುತ್ತಿದ್ದಳು. ಅವಳ ನಗು ದಿನದಿಂದ ದಿನಕ್ಕೆ ಸಣ್ಣದಾಗುತ್ತಾ ಹೋಗಿದ್ದನ್ನು ದೊರೆಸ್ವಾಮಿ ಗಮನಿಸಿದ. ಮನೆಗೆ ಹೋಗಿ ಊಟ ಮಾಡುವಾಗಲೂ ಅದೇ ಚಿಂತೆ. ಹಾಸ್ಯ ಎಲ್ಲೋ ಸಪ್ಪೆಯಾಗುತ್ತಿದೆ, ಎರಡನೆಯ ಸಾಲು ಬದಲಾಯಿಸಬೇಕು ಎಂದುಕೊಂಡ.

ಒಂದು ಸಂಜೆ ಅವಳು ಹತ್ತಿದವಳು ಬೋರ್ಡನ್ನು ನೋಡಿದಳು. ನೋಡಿ ಕಂಬಿಯ ಕಡೆ ಮುಖ ತಿರುಗಿಸಿದಳು.

ದೊರೆಸ್ವಾಮಿಗೆ ತಡೆಯಲಾಗಲಿಲ್ಲ. "ಯಾಕಮ್ಮ, ಇವತ್ತು ನಗ್ಲೇ ಇಲ್ಲ? ಬೋರ್ಡು ಹಳೇದಾಯ್ತಾ?" ಎಂದು ಕೇಳಿದ.

"ಬೋರ್ಡು ಚೆನ್ನಾಗೇ ಇದೆ ಅಪ್ಪಾಜಿ," ಅಂದಳು ನಾಗವೇಣಿ. "ನಿಂತ್ಕೊಂಡು ಎಷ್ಟು ದಿನ ಅಂತ ನಗೋದು?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಗಿರಾಕಿಗೆ ಸೀರೆಯ ಅಂಚು ತೋರಿಸುವವಳ ಹಾಗೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು.

ದೊರೆಸ್ವಾಮಿಯ ಮುಖಕ್ಕೆ ಯಾರೋ ತಣ್ಣೀರು ಎರಚಿದಂತಾಯಿತು. ಅವನು ಮುಂದಿನ ಸೀಟಿನ ಕಂಬಿಗೆ ಕೈ ಹಾಕಿದ. ಏಳಬೇಕು. ಆದರೆ ಈಗ ಎದ್ದರೆ ಅವಳು ಹೇಳಿದ್ದಕ್ಕೇ ಎದ್ದ ಎಂದು ಸುತ್ತಲಿನವರೆಲ್ಲ ನಗುವುದಿಲ್ಲವೇ? ಬೋರ್ಡು ಬರೆದವನಿಗೇ ಬೋರ್ಡು ತೋರಿಸಿದಳು ಎನ್ನುವುದಿಲ್ಲವೇ? ಮುಂದಿನ ಸ್ಟಾಪ್ ಬರಲಿ, ಇಳಿಯುವವನಂತೆ ಎದ್ದು ಸೀಟು ಬಿಟ್ಟುಬಿಡುತ್ತೇನೆ ಎಂದುಕೊಂಡ. ಒಳ್ಳೆಯ ಕೆಲಸ ಮಾಡುವುದಕ್ಕೂ ಮನುಷ್ಯನಿಗೆ ಎಷ್ಟೊಂದು ಸಂಕೋಚ ಬರುತ್ತದೆ ನೋಡಿ. ಹೀಗೆ ಸ್ಟಾಪ್ ಬರಲಿ ಎಂದು ಕಾಯುತ್ತಾ ಕಳೆದ ಹೊತ್ತನ್ನೆಲ್ಲ ಕೂಡಿಸಿದರೆ ನನ್ನ ಆಯುಸ್ಸಿನಲ್ಲೂ ಒಂದಷ್ಟು ಭಾಗ ಅದರಲ್ಲೇ ಹೋಗಿರುತ್ತದೆ.

ಮುಂದಿನ ಸ್ಟಾಪ್ ಬರಲಿಲ್ಲ. ಅದಕ್ಕೆ ಮೊದಲೇ ನಾಗವೇಣಿಯ ಕೈ ಕಂಬಿಯಿಂದ ಜಾರಿತು. ಅವಳು ಬೀಳಲಿಲ್ಲ, ಬೀಳುವುದಕ್ಕೆ ಜಾಗವೆಲ್ಲಿತ್ತು? ಸುತ್ತ ನಿಂತವರ ಮೈಗೆ ಒರಗಿಕೊಂಡೇ ಮೆಲ್ಲಗೆ ಕೆಳಗೆ ಜಾರಿ, ಚಪ್ಪಲಿ ಕಾಲುಗಳ ನಡುವೆ, ಬಸ್ಸಿನ ನೆಲದ ಮೇಲೆ ಕೂತಳು. ಹಣೆಯೆಲ್ಲ ಬೆವರು. ಕಣ್ಣು ಮೇಲಕ್ಕೆ ಹೋಗಿತ್ತು. ಎರಡೂ ಕೈ ಹೊಟ್ಟೆಯನ್ನು ತಬ್ಬಿಕೊಂಡಿದ್ದವು.

"ಅಯ್ಯೋ!" ಎಂದರು ಯಾರೋ. ಆ ಕ್ಷಣ ದೊರೆಸ್ವಾಮಿ ಎದ್ದ. ಪದ್ಮರಾಜು ಎದ್ದ. ನಾವೂ ದುಡಿದೇ ಬಂದಿರೋದು ಎಂದಿದ್ದಾಕೆ ಎದ್ದಳು. ಅವರ ಹಿಂದಿನವರು, ಮುಂದಿನವರು, ಹೆಂಗಸರ ಸೀಟಿನವರು, ಕಿಟಕಿ ಪಕ್ಕದವರು, ಎಲ್ಲರೂ ಗಡಬಡಿಸಿ ಎದ್ದು ನಿಂತರು. ನೀರಿನ ಬಾಟಲಿಗಳು ಹೊರಬಂದವು. ಯಾರೋ ಪೇಪರ್ ಮಡಚಿ ಗಾಳಿ ಬೀಸಿದರು. ಬಸ್ಸಿನ ಆ ಭಾಗದಲ್ಲಿ ಸೀಟುಗಳೆಲ್ಲ ಖಾಲಿ, ನಿಂತವರೇ ಎಲ್ಲ.

ಶಿವನಂಜ ಜನರ ಸಂದಿಯಲ್ಲಿ ತೂರಿಕೊಂಡು ಬಂದ. ಕೆಳಗೆ ಕೂತಿದ್ದ ನಾಗವೇಣಿಯನ್ನು ನೋಡಿದ. ಆಮೇಲೆ ಖಾಲಿ ಸೀಟುಗಳನ್ನು ನೋಡಿದ. ಅವನ ಗಂಟಲಿನಿಂದ ಒಡಕು ದನಿಯೊಂದು ಬಂತು.

"ಇಷ್ಟೊಂದ್ ಸೀಟಿದ್ವಾ ನಮ್ ಬಸ್ನಲ್ಲಿ?"

ಅವನು ತಮಾಷೆಗೆ ಕೇಳಿರಲಿಲ್ಲ, ಹಾಗಾಗಿ ಯಾರೂ ನಗಲಿಲ್ಲ. ಹೆಂಗಸರು ಅವಳನ್ನು ಎತ್ತಿ ದೊರೆಸ್ವಾಮಿಯ ಸೀಟಿನಲ್ಲಿ ಕೂರಿಸಿದರು. ಡ್ರೈವರು ದಾರಿಯಲ್ಲಿ ಎಲ್ಲೂ ನಿಲ್ಲಿಸದೆ ಬಸ್ಸನ್ನು ನೇರ ಆಸ್ಪತ್ರೆಯ ಮುಂದೆ ತಂದ. ತಮ್ಮ ಸ್ಟಾಪ್ ತಪ್ಪಿತೆಂದು ಯಾರೂ ಗೊಣಗಲಿಲ್ಲ. ದಾರಿಯುದ್ದಕ್ಕೂ ಬೋರ್ಡು ಅವಳ ತಲೆಯ ಮೇಲೇ ಇತ್ತು. ಚಿತ್ರದ ಮನುಷ್ಯ ಅರ್ಧ ಕಣ್ಣು ತೆರೆದು ನಿದ್ದೆ ಮಾಡುತ್ತಿದ್ದ. ದೊರೆಸ್ವಾಮಿಗೆ ಅದರ ಕಡೆ ನೋಡಲಾಗಲಿಲ್ಲ.

ಮಗುವಿಗೆ ತೊಂದರೆಯಾಗಲಿಲ್ಲ. ತಾಯಿಗೂ ಆಗಲಿಲ್ಲ. ಆದರೆ ಹೆರಿಗೆಯವರೆಗೂ ಹಾಸಿಗೆ ಬಿಟ್ಟು ಏಳಬಾರದು ಎಂದು ಡಾಕ್ಟರು ಹೇಳಿದರು. ಸೀರೆ ಅಂಗಡಿಯಲ್ಲಿ ಆ ವಾರವೇ ಬೇರೆಯವರು ಬಂದು ನಿಂತರು. ಯಾವ ಕೆಲಸ ಉಳಿಸಿಕೊಳ್ಳಲು ಅವಳು ಅಷ್ಟು ದಿನ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಳೋ ಆ ಕೆಲಸ ಹೋಯಿತು. ದಿನಕ್ಕೆ ಅರ್ಧ ಗಂಟೆ ಕೂತಿದ್ದರೆ ಉಳಿಯುತ್ತಿತ್ತೇ? ಅಷ್ಟಾದರೂ ಕೂತಿದ್ದರೆ ಹೀಗೆ ಕುಸಿಯುತ್ತಿರಲಿಲ್ಲ ಎಂದು ಡಾಕ್ಟರಮ್ಮ ಹೇಳಿದರಂತೆ. ಶಿವನಂಜ ಆಸ್ಪತ್ರೆಗೆ ಹೋಗಿ ವಿಚಾರಿಸಿಕೊಂಡು ಬಂದು ದೊರೆಸ್ವಾಮಿಗೆ ಇದನ್ನೆಲ್ಲ ಪಿಸುಗುಟ್ಟಿದ. ದೊರೆಸ್ವಾಮಿ ಕೇಳಿಸಿಕೊಂಡು ಕುಂಚ ತೊಳೆಯುತ್ತಾ ಕೂತ. ಶುದ್ಧವಾದ ಮೇಲೂ ತೊಳೆಯುತ್ತಲೇ ಇದ್ದ.

ಅದೇ ವಾರ ಪಶುಪತಿ ಅವನ ಬೆನ್ನು ತಟ್ಟಿದ. "ಜಗಳ ನಿಂತೇಹೋಗಿದೆ. ಜನ ಬೇರೆ ಜಾಸ್ತಿಯಾಗಿದ್ದಾರೆ. ಮಿಕ್ಕ ಬಸ್ಸುಗಳಿಗೂ ಶುರು ಮಾಡಿ ದೊರೆಸ್ವಾಮಿ" ಅಂದ. ಎಷ್ಟೋ ದಿನದಿಂದ ಕಾದಿದ್ದ ಮಾತು. ಕೇಳಿದಾಗ ಅವನಿಗೆ ಸಂತೋಷವಾಗಲಿಲ್ಲ, ಬರೀ ಆಯಾಸವಾಯಿತು. "ಸ್ವಲ್ಪ ದಿನ ಬಿಟ್ಟು ಹೇಳ್ತೀನಿ" ಎಂದು ಬಂದುಬಿಟ್ಟ.

ಆ ಸಂಜೆ ದೊರೆಸ್ವಾಮಿ ಸ್ಟ್ಯಾಂಡಿನಲ್ಲಿ ಎಂದಿನಂತೆ ಹತ್ತಿದ. ತನ್ನ ಸೀಟಿನ ಮುಂದೆ ನಿಂತು, ಹೆಗಲ ಮೇಲಿದ್ದ, ಬಣ್ಣ ಮೆತ್ತಿದ ಟವೆಲ್ ತೆಗೆದು ಸೀಟಿನ ಮೇಲೆ ಹಾಸಿದ. ಆಮೇಲೆ ಕಂಬಿ ಹಿಡಿದು ಪಕ್ಕದಲ್ಲಿ ನಿಂತುಕೊಂಡ.

ಬಸ್ಸು ತುಂಬಿತು. ಜನ ಬಂದು ಟವೆಲ್ ನೋಡಿದರು. "ಯಾರಾದ್ರೂ ಬರ್ತಾರಾ?" ಎಂದು ಕೇಳಿದರು. "ಬರ್ತಾರೆ" ಅಂದ ದೊರೆಸ್ವಾಮಿ. ಅಷ್ಟು ದಿನ ಅವನ ದಪ್ಪ ಅಕ್ಷರ, ಕೆಂಪು ಬಣ್ಣ, ಅರ್ಧ ಕಣ್ಣಿನ ಚಿತ್ರ ಯಾವುದಕ್ಕೂ ಜಗ್ಗದ ಜನ ಒಂದು ಕೊಳಕು ಟವೆಲ್ಲಿಗೆ ಮರ್ಯಾದೆ ಕೊಟ್ಟು ಸರಿದು ನಿಂತರು. ಪೇಟೆ ಬೀದಿಯ ಸ್ಟಾಪ್ ಬಂತು. ಅವನು ಬಾಗಿಲಿನ ಕಡೆ ನೋಡಿದ. ನಾಗವೇಣಿ ಬರುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ನೋಡಿದ.

ಸೊಪ್ಪು ಮಾರುವ ಚೌಡಮ್ಮ ಖಾಲಿ ಬುಟ್ಟಿ ಎತ್ತಿಕೊಂಡು ಹತ್ತಿದಳು. ದಿನವೆಲ್ಲ ಬಿಸಿಲಿನಲ್ಲಿ ಬೀದಿ ಸುತ್ತಿದ ಮುದುಕಿ. ಜನ ಅವಳನ್ನು ತಳ್ಳಿ ತಳ್ಳಿ ಅವನ ಹತ್ತಿರ ತಂದು ನಿಲ್ಲಿಸಿದರು. ದೊರೆಸ್ವಾಮಿ ಟವೆಲ್ ಎತ್ತಿ ಹೆಗಲಿಗೆ ಹಾಕಿಕೊಂಡ.

"ಕೂತ್ಕೊಳ್ಳಿ ಅಮ್ಮ."

"ಯಾರೋ ಟವೆಲ್ ಹಾಕವ್ರಲ್ಲಪ್ಪ?" ಅಂದಳು ಚೌಡಮ್ಮ, ಹೆದರಿಕೊಂಡು. "ಆಮೇಲ್ ಬಂದು ಬೈದಾರು."

"ನಿಮಗೇ ಅಂತ ಹಾಕಿದ್ದು. ಬೈಯೋಕೆ ಯಾರೂ ಬರಲ್ಲ."

ಚೌಡಮ್ಮ ಕೂತಳು. ಕೂತವಳು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, "ಅಬ್ಬಾ" ಎಂದು ಉಸಿರು ಬಿಟ್ಟಳು. ಅಷ್ಟೇ. ಅವಳಿಗೆ ಓದಲು ಬರುತ್ತಿರಲಿಲ್ಲ, ತಲೆಯ ಮೇಲೆ ಬೋರ್ಡಿರುವುದೂ ಗೊತ್ತಿರಲಿಲ್ಲ. ಆ ಉಸಿರನ್ನು ಕೇಳಿದಾಗ ದೊರೆಸ್ವಾಮಿಯ ಕಣ್ಣು ತುಂಬಿ ಬಂತು. ಇದೇ ಉಸಿರನ್ನು ನಾಗವೇಣಿ ಈ ಸೀಟಿನಲ್ಲಿ ಬಿಡಬಹುದಿತ್ತು.

ಅಂದಿನಿಂದ ಅದೇ ಅವನ ರೂಢಿಯಾಯಿತು. ಸ್ಟ್ಯಾಂಡಿನಲ್ಲಿ ಟವೆಲ್ ಹಾಸುವುದು, ಪಕ್ಕದಲ್ಲಿ ನಿಲ್ಲುವುದು, ನಿಲ್ಲಲಾರದವರು ಬಂದಾಗ ಟವೆಲ್ ಎತ್ತುವುದು. ಒಂದು ದಿನ ಮಗು ಎತ್ತಿಕೊಂಡವಳು, ಒಂದು ದಿನ ಕೋಲಿನ ಮುದುಕರು, ಒಂದು ದಿನ ಜ್ವರ ಬಂದ ಕಾಲೇಜು ಹುಡುಗಿ. ಅವನು ಯಾರಿಗೂ ಏನೂ ಹೇಳಲಿಲ್ಲ. ಹೇಳುವುದಕ್ಕೆ ಅವನಲ್ಲಿ ಹಾಸ್ಯವೂ ಉಳಿದಿರಲಿಲ್ಲ, ಕೋಪವೂ ಉಳಿದಿರಲಿಲ್ಲ. ಕಾಲು ಮಾತ್ರ ಇನ್ನಷ್ಟು ಊದಿತು.

ಆಮೇಲೆ ಬಸ್ಸಿನವರೆಲ್ಲ ಬದಲಾದರು ಎಂದು ಬರೆದರೆ ಕಥೆ ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ಹೆಚ್ಚಿನವರು ಮೊದಲಿನ ಹಾಗೇ ಇದ್ದರು. ಆದರೆ ಒಂದು ಸಂಜೆ, ಚೌಡಮ್ಮ ಆಗಲೇ ದೊರೆಸ್ವಾಮಿಯ ಸೀಟಿನಲ್ಲಿ ಕೂತಿದ್ದಾಗ, ಇನ್ನೊಬ್ಬ ಬಸುರಿ ಹೆಂಗಸು ಹತ್ತಿದಳು. ಪದ್ಮರಾಜು ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣನ್ನು ಸ್ವಲ್ಪ ಹೊತ್ತಾದ ಮೇಲೆ ತೆರೆದ. ತನ್ನೆದುರು ಊದಿದ ಕಾಲಿನ ಮೇಲೆ ನಿಂತಿದ್ದ ಉದ್ದನೆಯ ಮುದುಕನನ್ನು ನೋಡಿದ. ಎದ್ದು, ಯಾರ ಮುಖವನ್ನೂ ನೋಡದೆ, "ಕೂತ್ಕೊಳ್ಳಮ್ಮ" ಎಂದು ಸರಿದು ನಿಂತ. ಮಾರನೆಯ ಸಂಜೆ ಅವನ ಸೀಟಿನ ಮೇಲೂ ಒಂದು ಕರ್ಚೀಫು ಬಿದ್ದಿತ್ತು, ಪಕ್ಕದಲ್ಲಿ ಅವನು ನಿಂತಿದ್ದ. ಅವನೂ ದೊರೆಸ್ವಾಮಿಯೂ ಒಂದೇ ಕಂಬಿ ಹಿಡಿದು, ತಿರುವು ಬಂದಾಗ ಒಟ್ಟಿಗೇ ವಾಲುತ್ತಾ ನಿಂತಿರುತ್ತಿದ್ದರು.

ಟಿಕೆಟ್ ಕೊಡುತ್ತಾ ಬಂದ ಶಿವನಂಜ ಅದನ್ನು ನೋಡಿ ನಿಂತ. ಕಿಟಕಿಯ ಮೇಲಕ್ಕೆ ಕಣ್ಣು ಹಾಯಿಸಿದ.

"ಏನ್ ಸ್ವಾಮಿ, ನಿಮ್ ಬೋರ್ಡು ಕಾಣ್ತಾನೇ ಇಲ್ವಲ್ಲ," ಅಂದ. "ಅಷ್ಟ್ ಚೆಂದಾಗ್ ಬರ್ದು, ಈಗ ನೀವೇ ಅದ್ಕೆ ಅಡ್ಡ ನಿಂತಿದ್ದೀರಿ."

ದೊರೆಸ್ವಾಮಿ ತಿರುಗಿ ನೋಡಿದ. ನಿಜ. ಅವನು ಕೂತಿದ್ದಷ್ಟು ದಿನ ಬೋರ್ಡು ಎಲ್ಲರಿಗೂ ಕಾಣುತ್ತಿತ್ತು. ನಿಂತ ಮೇಲೆ ಅವನ ಬೆನ್ನು ಅದನ್ನು ಪೂರ್ತಿ ಮುಚ್ಚಿತ್ತು. 'ದೊರೆ ಆರ್ಟ್ಸ್' ಎಂಬ ಮೂಲೆಯ ಅಕ್ಷರಗಳೂ ಕಾಣುತ್ತಿರಲಿಲ್ಲ.

"ಇರ್ಲಿ ಬಿಡಪ್ಪ," ಅಂದ ಅವನು. ನೋಯುತ್ತಿದ್ದ ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸಿ, ಹಾಗೇ ನಿಂತುಕೊಂಡ.

ನೀತಿ: ಬುದ್ಧಿಮಾತನ್ನು ನಗುನಗುತ್ತಾ ಹೇಳುವುದು ಒಳ್ಳೆಯದೇ. ಆದರೆ ನಕ್ಕವರೆಲ್ಲ ಅದನ್ನು ಪಾಲಿಸಿದರು ಎಂದು ತಿಳಿಯಬಾರದು. ಎಲ್ಲರೂ ಅದು ಪಕ್ಕದವರಿಗೆ ಹೇಳಿದ್ದು ಎಂದುಕೊಂಡೇ ನಗುತ್ತಾರೆ. ಬೇರೆಯವರು ಏಳಲಿ ಎಂದು ಬರೆದವನು ಮೊದಲು ತಾನು ಎದ್ದು ನಿಲ್ಲಬೇಕು, ಅದೂ ನಿಲ್ಲಲಾರದವರು ಕುಸಿಯುವ ಮೊದಲೇ. ಈ ಕಥೆಯನ್ನು ನೀವು ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಓದುತ್ತಿದ್ದರೆ ಒಂದು ಸಲ ತಲೆ ಎತ್ತಿ ಪಕ್ಕದಲ್ಲಿ ಯಾರು ನಿಂತಿದ್ದಾರೆ ನೋಡಿ. ಫಾರ್ವರ್ಡ್ ಮಾಡುವುದು ಆಮೇಲೂ ಆಗುತ್ತದೆ.